ಹತ್ತೊಂಬತ್ತು ನಿಮಿಷದ ಹಿಂದೆ ಹದಿನೇಳು ವರ್ಷ

ಕೊಂದವರು ಯಾರೆಂಬುದು ಮೊದಲ ಅಧ್ಯಾಯದಲ್ಲೇ ಗೊತ್ತಾಗಿಬಿಟ್ಟರೆ ಪತ್ತೇದಾರಿ ಕಥೆಯಲ್ಲಿ ಮತ್ತೇನು ಉಳಿಯಿತು? ಅಮೆರಿಕದ ಲೇಖಕಿ ಜೋಡಿ ಪಿಕೋ ಬರೆದ ‘ನೈನ್‌ಟೀನ್ ಮಿನಿಟ್ಸ್’ ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡೇ ಹೊರಡುತ್ತದೆ. ಬಂದೂಕು ಹಿಡಿದ ಹುಡುಗ ಸಿಕ್ಕಿಬಿದ್ದಿದ್ದಾನೆ. ಅವನು ಅಲ್ಲಗಳೆಯುವುದೂ ಇಲ್ಲ. ಕಂಡವರು ನೂರಾರು ಮಂದಿ ಇದ್ದಾರೆ. ಆದರೂ ಮುಂದಿನ ನಾನೂರಕ್ಕೂ ಹೆಚ್ಚು ಪುಟಗಳನ್ನು ಉಸಿರು ಬಿಗಿಹಿಡಿದೇ ಓದಬೇಕಾಗುತ್ತದೆ. ಏಕೆಂದರೆ ಈ ಕಾದಂಬರಿ ಹುಡುಕುತ್ತಿರುವುದು ಕೊಂದವನನ್ನಲ್ಲ. ಹನ್ನೆರಡು ವರ್ಷ ಒಂದು ಮಗುವಿಗೆ ಶಾಲೆಯಲ್ಲಿ ಕಾಟ ಕೊಡುತ್ತಿದ್ದಾಗ ಅದನ್ನು ನೋಡಿಯೂ ಸುಮ್ಮನಿದ್ದವರು ಯಾರ್‍ಯಾರು ಎಂದು ಅದು ಕೇಳುತ್ತಿದೆ. ಆ ಪಟ್ಟಿ ಪುಟದಿಂದ ಪುಟಕ್ಕೆ ಬೆಳೆಯುತ್ತದೆ. ಅದರಲ್ಲಿ ತನ್ನ ಹೆಸರೂ ಬರಬಹುದೆಂಬ ಅಳುಕು ಓದುಗರಲ್ಲಿ ಹುಟ್ಟುತ್ತದೆ.

2007ರ ಮಾರ್ಚ್‌ನಲ್ಲಿ ಪ್ರಕಟವಾದ ಈ ಕಾದಂಬರಿ ‘ನ್ಯೂಯಾರ್ಕ್ ಟೈಮ್ಸ್’ನ ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೇರಿತು. ಮರುತಿಂಗಳು, ಏಪ್ರಿಲ್ 16ರಂದು, ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬ 32 ಮಂದಿಯನ್ನು ಗುಂಡಿಟ್ಟು ಕೊಂದ. ಆಮೇಲೆ 2012ರಲ್ಲಿ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆ, 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್, 2022ರಲ್ಲಿ ಟೆಕ್ಸಾಸ್‌ನ ಯುವಾಲ್ಡಿ: ಶಾಲೆಗಳಲ್ಲಿ ಗುಂಡಿನ ದಾಳಿ ನಿಲ್ಲಲಿಲ್ಲ. ಹದಿನೆಂಟು ವರ್ಷ ದಾಟಿದರೂ ಈ ಪುಸ್ತಕ ಹಳತಾಗಿಲ್ಲ ಎಂಬುದೇ ದುಃಖದ ಸಂಗತಿ.

ಕಥೆ ಇಷ್ಟು

ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸ್ಟರ್ಲಿಂಗ್ ಒಂದು ಕಲ್ಪಿತ ಊರು. ಒಬ್ಬರ ಮನೆಯ ವಿಷಯ ಇನ್ನೊಬ್ಬರಿಗೆ ಗೊತ್ತಿರುವಷ್ಟು ಚಿಕ್ಕದು. 2007ರ ಮಾರ್ಚ್ 6ರ ಬೆಳಿಗ್ಗೆ ಹದಿನೇಳು ವರ್ಷದ ಪೀಟರ್ ಹೌಟನ್ ಬೆನ್ನಿಗೆ ಬ್ಯಾಗು ಹಾಕಿಕೊಂಡು ತನ್ನ ಹೈಸ್ಕೂಲಿಗೆ ಬರುತ್ತಾನೆ. ಬ್ಯಾಗಿನಲ್ಲಿರುವುದು ಬಂದೂಕುಗಳು. ಹತ್ತೊಂಬತ್ತು ನಿಮಿಷದೊಳಗೆ 10 ಮಂದಿ ಸಾಯುತ್ತಾರೆ, 19 ಮಂದಿ ಗಾಯಗೊಳ್ಳುತ್ತಾರೆ. ಊರಿನ ಪತ್ತೇದಾರ ಪ್ಯಾಟ್ರಿಕ್ ಡುಚಾರ್ಮ್ ಕ್ರೀಡಾಪಟುಗಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಪೀಟರ್‌ನನ್ನು ಹಿಡಿಯುತ್ತಾನೆ. ಅಲ್ಲಿ ಶಾಲೆಯ ಹಾಕಿ ತಂಡದ ಹೀರೋ ಮ್ಯಾಟ್ ರಾಯ್‌ಸ್ಟನ್ ನೆಲದ ಮೇಲೆ ಸತ್ತು ಬಿದ್ದಿದ್ದಾನೆ. ಪಕ್ಕದಲ್ಲಿ ಅವನ ಗೆಳತಿ ಜೋಸಿ ಕಾರ್ಮಿಯರ್ ಪ್ರಜ್ಞೆ ತಪ್ಪಿ ಮಲಗಿದ್ದಾಳೆ.

ಜೋಸಿ ಊರಿನ ನ್ಯಾಯಾಧೀಶೆ ಅಲೆಕ್ಸ್ ಕಾರ್ಮಿಯರ್ ಅವರ ಮಗಳು. ಒಂದು ಕಾಲಕ್ಕೆ ಪೀಟರ್‌ಗಿದ್ದ ಒಬ್ಬಳೇ ಸ್ನೇಹಿತೆಯೂ ಹೌದು. ಅವಳಿಗೆ ಎಚ್ಚರವಾದಾಗ ಆ ಕೋಣೆಯಲ್ಲಿ ನಡೆದದ್ದು ಏನೂ ನೆನಪಿಲ್ಲ. ಪೀಟರ್‌ನ ಮನೆಯಲ್ಲಿ ಪೊಲೀಸರಿಗೆ ಶಾಲೆಯ ವಾರ್ಷಿಕ ಸಂಚಿಕೆ ಸಿಗುತ್ತದೆ. ಅದರಲ್ಲಿ ಕೆಲವು ಮುಖಗಳಿಗೆ ಸುತ್ತು ಹಾಕಿದೆ. ಜೋಸಿಯ ಭಾವಚಿತ್ರಕ್ಕೂ ಸುತ್ತು ಹಾಕಿದ್ದಾನೆ, ಆದರೆ ಕೆಳಗೆ ಅವಳನ್ನು ಬದುಕಲು ಬಿಡಬೇಕೆಂದು ಬರೆದಿದ್ದಾನೆ. ಏಕೆ? ಸತ್ತವರಲ್ಲಿ ಮ್ಯಾಟ್ ಒಬ್ಬನಿಗೆ ಮಾತ್ರ ಎರಡು ಗುಂಡು ತಗುಲಿದೆ. ಅದೇಕೆ? ಈ ಎರಡು ಪ್ರಶ್ನೆಗಳು ಪ್ಯಾಟ್ರಿಕ್‌ನ ನಿದ್ದೆ ಕೆಡಿಸುತ್ತವೆ. ಉತ್ತರ ಸಿಗುವುದು ಕಟ್ಟಕಡೆಗೆ, ನ್ಯಾಯಾಲಯದಲ್ಲಿ. ಅದನ್ನು ಇಲ್ಲಿ ಬಿಟ್ಟುಕೊಡುವುದು ಓದದವರಿಗೆ ಮಾಡುವ ಅನ್ಯಾಯ. ಆ ಗುಟ್ಟು ಓದುಗರನ್ನು ಬೆಚ್ಚಿಬೀಳಿಸಲೆಂದು ಅಂಟಿಸಿದ ಗುಟ್ಟಲ್ಲ, ಅಷ್ಟು ಹೇಳಬಹುದು. ಅದು ತಿಳಿದ ಮೇಲೆ ಕಾಟ ಕೊಟ್ಟವರು, ಕಾಟ ತಿಂದವರು ಎಂದು ನಾವು ಹಾಕಿಕೊಂಡಿದ್ದ ಗೆರೆ ಅಳಿಸಿಹೋಗುತ್ತದೆ.

ಕಟ್ಟಿದ ಬಗೆ

ಕಾದಂಬರಿಯ ಅಧ್ಯಾಯಗಳು ಕಾಲದಲ್ಲಿ ಹಿಂದೆ ಮುಂದೆ ಓಡಾಡುತ್ತವೆ. ಒಂದು ಅಧ್ಯಾಯ ಘಟನೆಯ ಮರುದಿನ ನಡೆದರೆ ಇನ್ನೊಂದು ಹದಿನೇಳು ವರ್ಷ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಪೀಟರ್‌ನ ತಾಯಿ, ಸೂಲಗಿತ್ತಿ ಲೇಸಿ ಹೌಟನ್, ಗರ್ಭಿಣಿ ಅಲೆಕ್ಸ್‌ಗೆ ಧೈರ್ಯ ಹೇಳುತ್ತಿದ್ದಾಳೆ. ಮುಂದೆ ತಮ್ಮಿಬ್ಬರ ಮಕ್ಕಳು ಎಲ್ಲಿ ಮುಖಾಮುಖಿಯಾಗುತ್ತಾರೆಂದು ಆ ಹೆಂಗಸರಿಗೆ ತಿಳಿಯದು. ಓದುಗರಿಗೆ ತಿಳಿದಿದೆ. ಕುತೂಹಲ ಹುಟ್ಟುವುದೇ ಇಲ್ಲಿ. ಆಗುವುದು ಆಗಿಹೋಗಿದೆ ಎಂದು ಗೊತ್ತಿದ್ದೂ, ಹಳೆಯ ಒಂದೊಂದು ಘಟನೆ ಬಂದಾಗಲೂ ಇಲ್ಲಾದರೂ ಯಾರಾದರೂ ತಡೆಯಬಾರದೇ ಎಂದು ಮನಸ್ಸು ಹಂಬಲಿಸುತ್ತದೆ. ಯಾರೂ ತಡೆಯುವುದಿಲ್ಲ.

ಶಿಶುವಿಹಾರದ ಮೊದಲ ದಿನವನ್ನೇ ನೋಡಿ. ಪೀಟರ್ ಸೂಪರ್‌ಮ್ಯಾನ್ ಚಿತ್ರವಿರುವ ಊಟದ ಡಬ್ಬಿ ಹಿಡಿದು ಶಾಲೆಯ ಬಸ್ಸು ಹತ್ತುತ್ತಾನೆ. ದೊಡ್ಡ ಹುಡುಗನೊಬ್ಬ ಅದನ್ನು ಕಿತ್ತು ಕಿಟಕಿಯಿಂದಾಚೆಗೆ ಎಸೆಯುತ್ತಾನೆ. ಬಸ್ಸಿನಲ್ಲಿದ್ದವರು ನೋಡುತ್ತಾರೆ. ಈ ಡಬ್ಬಿಯ ಕಾಟ ಅಂದಿಗೆ ಮುಗಿಯುವುದಿಲ್ಲ. ಶಾಲೆಯವರೂ ಮನೆಯವರೂ ಅವನಿಗೆ ಕೊಡುವ ಬುದ್ಧಿಮಾತು ಒಂದೇ: ನೀನು ಗಟ್ಟಿಯಾಗಬೇಕು, ನೀನೇ ಎದುರಿಸಬೇಕು. ಐದು ವರ್ಷದ ಮಗುವಿನ ಮೇಲೆ ದೊಡ್ಡವರು ತಮ್ಮ ಕೆಲಸವನ್ನು ಹೊರಿಸಿ ಕೈತೊಳೆದುಕೊಳ್ಳುತ್ತಾರೆ. ಪಿಕೋ ಇದನ್ನು ಕೂಗಿ ಹೇಳುವುದಿಲ್ಲ. ಡಬ್ಬಿ ಹೋದ ಸಂಗತಿಯನ್ನು ಬರೆದು ಮುಂದೆ ಸಾಗುತ್ತಾರೆ. ಆದರೆ ಆ ಡಬ್ಬಿ ಓದುಗರ ತಲೆಯಿಂದ ಹೋಗುವುದಿಲ್ಲ.

ಅಲ್ಲಿಂದ ಮುಂದೆ ವರ್ಷ ವರ್ಷಕ್ಕೂ ಕಾಟದ ಬಗೆ ಬದಲಾಗುತ್ತದೆ. ಪೀಟರ್‌ನ ಅಣ್ಣ ಜೋಯಿ ಓದಿನಲ್ಲೂ ಆಟದಲ್ಲೂ ಮುಂದು, ಶಾಲೆಗೆಲ್ಲ ಅಚ್ಚುಮೆಚ್ಚು. ಅವನೂ ತಮ್ಮನ ಪರ ನಿಲ್ಲುವುದಿಲ್ಲ. ಗೆಳೆಯರ ನಡುವೆ ತನ್ನ ಜಾಗ ಉಳಿಸಿಕೊಳ್ಳಲು ಅವನೂ ತಮ್ಮನನ್ನು ಗೇಲಿ ಮಾಡುತ್ತಾನೆ. ಚಿಕ್ಕಂದಿನಲ್ಲಿ ಪೀಟರ್‌ಗಾಗಿ ಜಗಳಕ್ಕೆ ಇಳಿಯುತ್ತಿದ್ದ ಜೋಸಿ ಆರನೇ ಇಯತ್ತೆಯ ಹೊತ್ತಿಗೆ ಶಾಲೆಯ ‘ದೊಡ್ಡವರ’ ಗುಂಪಿನತ್ತ ಸರಿಯುತ್ತಾಳೆ. ಹೈಸ್ಕೂಲಿನಲ್ಲಿ ಪೀಟರ್ ಅವಳಿಗೊಂದು ಪ್ರೀತಿಯ ಇಮೇಲ್ ಬರೆಯುತ್ತಾನೆ. ಅವಳ ಗೆಳತಿಯೊಬ್ಬಳು ಅದನ್ನು ಇಡೀ ಶಾಲೆಗೆ ಕಳಿಸಿಬಿಡುತ್ತಾಳೆ. ಆಮೇಲೆ ಊಟದ ಕೋಣೆಯಲ್ಲಿ ಎಲ್ಲರ ಎದುರು ಮ್ಯಾಟ್ ಅವನ ಪ್ಯಾಂಟು ಎಳೆದು ಮಾನ ಕಳೆಯುತ್ತಾನೆ. ಹುಡುಗರೂ ಹುಡುಗಿಯರೂ ನಗುತ್ತಾರೆ. ಡಬ್ಬಿ ಎಸೆದ ಬಸ್ಸಿನಿಂದ ಈ ಊಟದ ಕೋಣೆಯವರೆಗೆ ನೋಡುವವರ ಸಂಖ್ಯೆ ಹೆಚ್ಚಿದೆ. ತಡೆಯುವವರು ಅಂದೂ ಇರಲಿಲ್ಲ, ಇಂದೂ ಇಲ್ಲ.

ಮೇಲಿನ ಮೆಟ್ಟಿಲಲ್ಲೂ ಭಯವೇ

ಕಾಟ ತಿಂದವನ ನೋವನ್ನು ಬರೆಯುವುದು ಅಷ್ಟೇನೂ ಕಷ್ಟವಲ್ಲ. ಜೋಸಿಯನ್ನು ಬರೆಯುವುದು ಕಷ್ಟ. ಪಿಕೋ ಗೆದ್ದಿರುವುದು ಅವಳ ಪಾತ್ರದಲ್ಲಿ. ಹೊರಗಿನಿಂದ ನೋಡಿದರೆ ಅವಳಿಗೆ ಎಲ್ಲವೂ ಇದೆ: ಚೆಲುವು, ಗುಂಪು, ಹಾಕಿ ಆಡುವ ಗೆಳೆಯ. ಒಳಗೆ ಅವಳು ದಿನವೂ ಹೆದರುತ್ತ ಬದುಕುತ್ತಾಳೆ. ಒಂದು ಮಾತು ತಪ್ಪಿದರೆ, ತಪ್ಪಾದವರ ಪಕ್ಕ ಒಮ್ಮೆ ಕೂತರೆ ಮರುದಿನವೇ ತಾನು ಗುಂಪಿನ ಹೊರಗೆ ಎಂದು ಅವಳಿಗೆ ಗೊತ್ತು. ಪೀಟರ್‌ನ ಪರ ನಿಂತರೆ ತಾನೂ ಪೀಟರ್ ಆಗುತ್ತೇನೆ ಎಂಬ ಲೆಕ್ಕ ಅವಳ ಬಾಯಿ ಕಟ್ಟಿಹಾಕುತ್ತದೆ. ಇನ್ನು ಮ್ಯಾಟ್ ಅವಳನ್ನು ಪ್ರೀತಿಸುತ್ತಾನೆ, ಅವಳ ಮೇಲೆ ಕೈಯನ್ನೂ ಮಾಡುತ್ತಾನೆ, ಆಮೇಲೆ ಅತ್ತು ಕ್ಷಮೆ ಕೇಳುತ್ತಾನೆ. ಶಾಲೆಯ ಮೊಗಸಾಲೆಯಲ್ಲಿ ದುರ್ಬಲನನ್ನು ತಳ್ಳುವ ಕೈಯೇ ಏಕಾಂತದಲ್ಲಿ ಗೆಳತಿಯನ್ನೂ ತಳ್ಳುತ್ತದೆ. ಈ ಎರಡು ಹಿಂಸೆಗಳು ಬೇರೆಬೇರೆಯಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಜನಪ್ರಿಯ ಕಾದಂಬರಿಗಳು ಕಡಿಮೆ.

ಪಿಕೋಗೆ ಶಾಲೆ ಹೊಸದಲ್ಲ. ಪ್ರಿನ್ಸ್‌ಟನ್‌ನಲ್ಲಿ ಓದಿ, ಹಾರ್ವರ್ಡ್‌ನಲ್ಲಿ ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು, ಎಂಟನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವರು ಅವರು. ಮೂವರು ಮಕ್ಕಳ ತಾಯಿ. ತಮ್ಮ ಮಕ್ಕಳು ಶಾಲೆಯಲ್ಲಿ ಅನುಭವಿಸಿದ ಕಾಟವೇ ಈ ವಿಷಯಕ್ಕೆ ತಮ್ಮನ್ನು ಎಳೆತಂದಿತೆಂದು ಹೇಳಿಕೊಂಡಿದ್ದಾರೆ. ಪತ್ತೇದಾರ ಪ್ಯಾಟ್ರಿಕ್, ವಕೀಲ ಜೋರ್ಡನ್ ಮೆಕಾಫಿ ಇಬ್ಬರೂ ಅವರ ಹಿಂದಿನ ಕಾದಂಬರಿಗಳಲ್ಲಿ ಕಾಣಿಸಿಕೊಂಡವರು. ‘ಮೈ ಸಿಸ್ಟರ್ಸ್ ಕೀಪರ್’ ಓದಿದವರಿಗೆ, ಅದರ ಚಲನಚಿತ್ರ ನೋಡಿದವರಿಗೆ ಪಿಕೋ ರೀತಿ ಗೊತ್ತಿರುತ್ತದೆ: ಒಂದು ಮನೆಯ ಸಂಕಟವನ್ನು ತಂದು ಕಟಕಟೆಯಲ್ಲಿ ನಿಲ್ಲಿಸುವುದು.

ಹೆತ್ತವರು ಎಷ್ಟು ಹೊಣೆ?

ಪೀಟರ್‌ನ ತಂದೆ ಲೂಯಿಸ್ ಅರ್ಥಶಾಸ್ತ್ರದ ಪ್ರಾಧ್ಯಾಪಕ. ಮನುಷ್ಯನ ಸುಖವನ್ನು ಅಳೆಯುವ ಸೂತ್ರ ಅವನ ಸಂಶೋಧನೆಯ ವಿಷಯ. ವಾಸ್ತವವನ್ನು ನಿರೀಕ್ಷೆಯಿಂದ ಭಾಗಿಸಿದರೆ ಸುಖ ಸಿಗುತ್ತದೆ ಎನ್ನುತ್ತಾನೆ. ತನ್ನದೇ ಮನೆಯ ಮಹಡಿಯ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿರುವ ಮಗನ ದುಃಖ ಅವನ ಲೆಕ್ಕಕ್ಕೆ ಸಿಗುವುದಿಲ್ಲ. ಬೇಟೆಯ ಹವ್ಯಾಸ ಅವನಿಗಿದೆ. ಮಗನಿಗೆ ಬಂದೂಕು ಹಿಡಿಯುವುದನ್ನು ಕಲಿಸಿದವನೂ ಅವನೇ. ಸಾವಿರಾರು ಮಕ್ಕಳನ್ನು ಈ ಲೋಕಕ್ಕೆ ಬರಮಾಡಿಕೊಂಡ ಲೇಸಿ, ತನ್ನ ಮಗ ಹತ್ತು ಜನರನ್ನು ಲೋಕದಿಂದ ಕಳಿಸಿದ್ದನ್ನು ಹೇಗೆ ಹೊರುವುದು ಎಂದು ತಿಳಿಯದೆ ಕುಸಿಯುತ್ತಾಳೆ. ದೊಡ್ಡ ಮಗ ಜೋಯಿ ಅದಕ್ಕೂ ಒಂದು ವರ್ಷ ಮೊದಲು ಅಪಘಾತದಲ್ಲಿ ತೀರಿಕೊಂಡಿದ್ದ. ಆ ಶೋಕದಲ್ಲಿ ಮುಳುಗಿದ್ದ ದಂಪತಿಗೆ ಬದುಕಿದ್ದ ಮಗ ಕಾಣದೆ ಹೋದ. ಲೇಸಿ ಕೆಟ್ಟ ತಾಯಿಯಲ್ಲ. ಮಗನನ್ನು ಪ್ರೀತಿಸಿದಳು, ಕಾಳಜಿ ಮಾಡಿದಳು. ಪ್ರೀತಿ ಇದ್ದಮಾತ್ರಕ್ಕೆ ಮಗುವಿನ ಮನಸ್ಸು ತಿಳಿದಂತಲ್ಲ ಎಂಬುದನ್ನು ಈ ಪಾತ್ರ ನಿರ್ದಾಕ್ಷಿಣ್ಯವಾಗಿ ಹೇಳುತ್ತದೆ.

ಕಾದಂಬರಿ 2007ರಲ್ಲಿ ಎತ್ತಿದ ಈ ಪ್ರಶ್ನೆಗೆ ಅಮೆರಿಕದ ನ್ಯಾಯಾಲಯ 2024ರಲ್ಲಿ ತನ್ನದೇ ಉತ್ತರ ಕೊಟ್ಟಿತು. 2021ರ ನವೆಂಬರ್ 30ರಂದು ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ ಹದಿನೈದು ವರ್ಷದ ವಿದ್ಯಾರ್ಥಿ ನಾಲ್ವರು ಸಹಪಾಠಿಗಳನ್ನು ಕೊಂದ. ಕೆಲವೇ ದಿನ ಮೊದಲು ಅವನಿಗೆ ಪಿಸ್ತೂಲು ಕೊಡಿಸಿದ್ದು ಮನೆಯವರೇ. ಅಂದು ಬೆಳಿಗ್ಗೆ ಅವನು ಬಿಡಿಸಿದ ಕಳವಳಕಾರಿ ಚಿತ್ರವನ್ನು ಕಂಡ ಶಾಲೆ ಹೆತ್ತವರನ್ನು ಕರೆಸಿತ್ತು. ಅವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ. ಅವನ ಬ್ಯಾಗನ್ನು ಯಾರೂ ತೆರೆದು ನೋಡಲಿಲ್ಲ. 2024ರಲ್ಲಿ ತಂದೆ ತಾಯಿ ಇಬ್ಬರೂ ಉದ್ದೇಶಪೂರ್ವಕವಲ್ಲದ ನರಹತ್ಯೆಯ ಅಪರಾಧಿಗಳೆಂದು ಬೇರೆಬೇರೆ ವಿಚಾರಣೆಗಳಲ್ಲಿ ತೀರ್ಮಾನವಾಯಿತು. ತಲಾ 10ರಿಂದ 15 ವರ್ಷ ಸೆರೆವಾಸ. ಮಗು ಶಾಲೆಯಲ್ಲಿ ನಡೆಸಿದ ಸಾಮೂಹಿಕ ಹತ್ಯೆಗಾಗಿ ಹೆತ್ತವರಿಗೆ ಇಂಥ ಶಿಕ್ಷೆಯಾದದ್ದು ಆ ದೇಶದಲ್ಲಿ ಅದೇ ಮೊದಲು.

ಕಟಕಟೆಯಲ್ಲಿ ನಿಂತ ವಾದ

ಪೀಟರ್‌ನ ಪರ ವಕೀಲ ಜೋರ್ಡನ್ ಮುಂದೆ ದಾರಿಗಳೇ ಇಲ್ಲ. ಕೊಂದಿಲ್ಲ ಎನ್ನುವಂತಿಲ್ಲ. ಹುಚ್ಚು ಎಂದು ಸಾಧಿಸುವುದೂ ಆಗದ ಮಾತು. ಅವನು ಹಿಡಿಯುವ ದಾರಿ ವಿಶಿಷ್ಟ. ವರ್ಷಗಟ್ಟಲೆ ಗಂಡನ ಹೊಡೆತ ತಿಂದು, ಕೊನೆಗೊಂದು ದಿನ ಅವನನ್ನು ಕೊಂದ ಹೆಂಗಸರ ಪ್ರಕರಣಗಳಲ್ಲಿ ಬಳಕೆಗೆ ಬಂದ ವಾದವೊಂದಿದೆ. ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಪ್ರಕಟಿಸಿದ ಪುಸ್ತಕದ ನಂತರ ಅಮೆರಿಕದ ನ್ಯಾಯಾಲಯಗಳು ಅದನ್ನು ಗಂಭೀರವಾಗಿ ಕೇಳತೊಡಗಿದವು. ಆತ್ಮರಕ್ಷಣೆಯ ಹಕ್ಕು ಕೇಳಲು ಆ ಕ್ಷಣದಲ್ಲಿ ಜೀವಕ್ಕೆ ಅಪಾಯವಿರಬೇಕು ಎನ್ನುತ್ತದೆ ಕಾನೂನು. ನಿರಂತರ ಹಿಂಸೆಯಲ್ಲಿ ಬದುಕಿದವರಿಗೆ ಅಪಾಯ ಯಾವ ಕ್ಷಣವೂ ಮುಗಿದಿರುವುದಿಲ್ಲ ಎನ್ನುತ್ತದೆ ಆ ವಾದ. ಇದೇ ತರ್ಕ ಹನ್ನೆರಡು ವರ್ಷ ಕಾಟ ತಿಂದ ಹುಡುಗನಿಗೂ ಸಲ್ಲಬಾರದೇಕೆ ಎಂದು ಜೋರ್ಡನ್ ಕೇಳುತ್ತಾನೆ.

ಸರ್ಕಾರಿ ವಕೀಲೆಯ ಉತ್ತರವೂ ಅಷ್ಟೇ ಬಲವಾಗಿದೆ. ಸತ್ತವರೆಲ್ಲ ಪೀಟರ್‌ಗೆ ಕಾಟ ಕೊಟ್ಟವರಲ್ಲ. ಅವನು ಮೊದಲೇ ಯೋಜಿಸಿದ್ದ, ಬಂದೂಕುಗಳನ್ನು ಹೊಂಚಿದ್ದ. ಕೊಲ್ಲುತ್ತ ಕೊಲ್ಲುತ್ತ ನಡುವೆ ಊಟದ ಕೋಣೆಯಲ್ಲಿ ಕೂತು ತಿಂಡಿ ತಿಂದಿದ್ದ. ಆ ತಿಂಡಿಯ ಬಟ್ಟಲು ಕಾದಂಬರಿಯ ಅತ್ಯಂತ ತಣ್ಣನೆಯ ವಿವರ. ಪೀಟರ್‌ನ ಬಾಲ್ಯಕ್ಕಾಗಿ ಮರುಗುತ್ತಿರುವ ಓದುಗರನ್ನು ಅದು ತಡೆದು ನಿಲ್ಲಿಸುತ್ತದೆ. ಅಯ್ಯೋ ಅನ್ನಿಸುವುದು ಬೇರೆ, ಕ್ಷಮಿಸುವುದು ಬೇರೆ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಲು ಈ ಪುಸ್ತಕ ನಮ್ಮನ್ನು ಒತ್ತಾಯಿಸುತ್ತದೆ. ನನ್ನ ಮಟ್ಟಿಗೆ ಅದರ ದೊಡ್ಡ ಗುಣ ಇದೇ.

ಅಧ್ಯಯನಗಳು ಏನೆನ್ನುತ್ತವೆ?

ಶಾಲೆಯ ಈ ಕಾಟವನ್ನು, ಅಂದರೆ ಬುಲ್ಲಿಯಿಂಗ್ ಅನ್ನು, ವಿಜ್ಞಾನದ ಕಣ್ಣಿಂದ ಮೊದಲು ನೋಡಿದವರು ನಾರ್ವೆಯಲ್ಲಿ ಕೆಲಸ ಮಾಡಿದ ಡಾನ್ ಓಲ್ವಿಯಸ್. ಎಪ್ಪತ್ತರ ದಶಕದಲ್ಲೇ ಅವರು ಈ ಅಧ್ಯಯನ ಶುರುಮಾಡಿದ್ದರೂ ಸರ್ಕಾರ ಎಚ್ಚೆತ್ತದ್ದು 1982ರ ಕೊನೆಯಲ್ಲಿ, ಉತ್ತರ ನಾರ್ವೆಯ ಮೂವರು ಹುಡುಗರು ಸಹಪಾಠಿಗಳ ಕಾಟ ತಾಳಲಾರದೆ ಜೀವ ಕಳೆದುಕೊಂಡಿರಬೇಕೆಂಬ ಸುದ್ದಿ ಬಂದ ಮೇಲೆ. ಮರುವರ್ಷ ರಾಷ್ಟ್ರಮಟ್ಟದ ಅಭಿಯಾನ ಆರಂಭವಾಯಿತು. ಓಲ್ವಿಯಸ್ ಹೇಳಿದ ಮೂರು ಲಕ್ಷಣಗಳನ್ನು ಇಂದಿಗೂ ಜಗತ್ತು ಒಪ್ಪುತ್ತದೆ: ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಕಾಟ ಕೊಡುವವರ ಬಲ ಕಾಟ ತಿನ್ನುವವರಿಗಿಂತ ಹೆಚ್ಚಿರುವುದು. ಸಮಬಲದ ಇಬ್ಬರು ಮಕ್ಕಳ ಜಗಳ ಬುಲ್ಲಿಯಿಂಗ್ ಅಲ್ಲ. ಹಾಗಾಗಿಯೇ ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವ ಉಪಾಯ ಇಲ್ಲಿ ಬಹಳ ಸಲ ಕೈಕೊಡುತ್ತದೆ. ಬಲಹೀನ ಮಗು ಅಲ್ಲಿಯೂ ಬಲಹೀನವೇ.

ಫಿನ್ಲೆಂಡಿನ ಕ್ರಿಸ್ಟೀನಾ ಸಾಲ್ಮಿವಲ್ಲಿ 1996ರಲ್ಲಿ ಈ ಚಿತ್ರಕ್ಕೆ ಇನ್ನೊಂದು ಮುಖ ಸೇರಿಸಿದರು. ಕಾಟ ಎನ್ನುವುದು ಇಬ್ಬರ ನಡುವಿನ ವ್ಯವಹಾರವಲ್ಲ, ಇಡೀ ತರಗತಿಯದ್ದು. ಕೆಲವರು ಕಾಟ ಕೊಡುವವನಿಗೆ ಕೈಜೋಡಿಸುತ್ತಾರೆ. ಕೆಲವರು ನಕ್ಕು ಹುರಿದುಂಬಿಸುತ್ತಾರೆ. ತಮಗೇಕೆಂದು ದೂರ ಸರಿಯುವವರು ಕೆಲವರು. ಒಂದಿಬ್ಬರು ಮಾತ್ರ ನೊಂದವರ ಪರ ನಿಲ್ಲುತ್ತಾರೆ. ಕೆನಡಾದಲ್ಲಿ ಆಟದ ಮೈದಾನಗಳಲ್ಲಿ ಕ್ಯಾಮೆರಾ ಇಟ್ಟು ನಡೆಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಜೊತೆಯ ಮಕ್ಕಳು ನಡುವೆ ಬಂದ ಪ್ರಸಂಗಗಳಲ್ಲಿ ಅರ್ಧಕ್ಕೂ ಹೆಚ್ಚು ಸಲ ಹತ್ತು ಸೆಕೆಂಡಿನೊಳಗೆ ಕಾಟ ನಿಂತಿತ್ತು. ಇದೇ ತಿಳಿವಳಿಕೆಯ ಮೇಲೆ ತುರ್ಕು ವಿಶ್ವವಿದ್ಯಾಲಯ ರೂಪಿಸಿದ ‘ಕಿವಾ’ ಕಾರ್ಯಕ್ರಮವನ್ನು ಫಿನ್ಲೆಂಡ್ 2009ರಿಂದ ದೇಶದ ಶಾಲೆಗಳಿಗೆ ಹರಡಿತು. ನೋಡುತ್ತ ನಿಂತ ಮಕ್ಕಳನ್ನು ಕಾಪಾಡುವ ಮಕ್ಕಳನ್ನಾಗಿ ಬದಲಿಸುವುದು ಅದರ ತಿರುಳು. ಜೋಸಿಯ ಮೌನ ಕಾದಂಬರಿಯ ಕೇಂದ್ರದಲ್ಲಿರುವುದು ಏಕೆಂದು ಈ ಅಧ್ಯಯನಗಳನ್ನು ಓದಿದಾಗ ಇನ್ನಷ್ಟು ಸ್ಪಷ್ಟವಾಗುತ್ತದೆ.

ಹಾಗೆಂದು ಕಾಟ ತಿಂದವರು ಬಂದೂಕು ಹಿಡಿಯುತ್ತಾರೆ ಎಂಬ ಸರಳ ಸೂತ್ರ ಸುಳ್ಳು, ಅಪಾಯಕಾರಿ ಕೂಡ. 1999ರ ಏಪ್ರಿಲ್ 20ರಂದು ಕೊಲರಾಡೋದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು 12 ಮಂದಿ ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದಾಗ, ಅದು ಕಾಟ ತಿಂದವರ ಸೇಡು ಎಂಬ ಕಥೆ ಜಗತ್ತಿಗೆಲ್ಲ ಹಬ್ಬಿತು. ಹತ್ತು ವರ್ಷಗಳ ನಂತರ ಪತ್ರಕರ್ತ ಡೇವ್ ಕಲೆನ್ ‘ಕೊಲಂಬೈನ್’ ಪುಸ್ತಕದಲ್ಲಿ ದಾಖಲೆಗಳನ್ನು ಕೆದಕಿ, ಆ ಕಥೆ ಬಹುಮಟ್ಟಿಗೆ ಆತುರದಲ್ಲಿ ಹೆಣೆದದ್ದೆಂದು ವಾದಿಸಿದರು. ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನು ಪರಿಶೀಲಿಸಿ 2002ರಲ್ಲಿ ಕೊಟ್ಟ ವರದಿ ಇನ್ನೂ ಸಮತೋಲನದ ಚಿತ್ರ ಕೊಡುತ್ತದೆ. ದಾಳಿ ಮಾಡಿದವರಲ್ಲಿ ಶೇ 71ರಷ್ಟು ಮಂದಿಗೆ ತಮ್ಮನ್ನು ಇತರರು ಪೀಡಿಸಿದರು, ಹೆದರಿಸಿದರು ಎಂಬ ಭಾವನೆ ಇತ್ತು. ಉಳಿದವರಿಗೆ ಇರಲಿಲ್ಲ. ಇಂಥವನೇ ದಾಳಿಕೋರನಾಗುತ್ತಾನೆ ಎಂದು ಗುರುತಿಸಬಲ್ಲ ಒಂದೇ ಅಚ್ಚು ಸಿಗಲಿಲ್ಲ. ಆದರೆ ಐದರಲ್ಲಿ ನಾಲ್ಕು ಪ್ರಕರಣಗಳಲ್ಲಿ ಕನಿಷ್ಠ ಒಬ್ಬರಿಗಾದರೂ ದಾಳಿಯ ಸುಳಿವು ಮೊದಲೇ ಇತ್ತು. ಹೆಚ್ಚಾಗಿ ಅವರು ಅದೇ ವಯಸ್ಸಿನ ಗೆಳೆಯರು. ದಾಳಿ ಮಾಡಿದವರಲ್ಲಿ ಹೆಚ್ಚಿನವರಿಗೆ ಬಂದೂಕು ಸಿಕ್ಕಿದ್ದು ತಮ್ಮ ಮನೆಯಲ್ಲಿ ಅಥವಾ ನೆಂಟರ ಮನೆಯಲ್ಲಿ.

ಕಾಟ ಜಗತ್ತಿನ ಎಲ್ಲ ದೇಶಗಳ ಶಾಲೆಗಳಲ್ಲೂ ಇದೆ. ಒಂದು ತಿಂಗಳ ಅವಧಿಯಲ್ಲಿ ಮೂವರಲ್ಲಿ ಹತ್ತಿರಹತ್ತಿರ ಒಬ್ಬ ವಿದ್ಯಾರ್ಥಿ ಅದನ್ನು ಅನುಭವಿಸುತ್ತಾನೆಂದು ಯುನೆಸ್ಕೊ 2019ರಲ್ಲಿ ಹೇಳಿತು. ಅವರಲ್ಲಿ ಬಹುಪಾಲು ಮಕ್ಕಳು ಯಾರ ಮೇಲೂ ಕೈ ಎತ್ತುವುದಿಲ್ಲ. ನೋವನ್ನು ಒಳಗೇ ನುಂಗುತ್ತಾರೆ, ಓದಿನಲ್ಲಿ ಹಿಂದೆ ಬೀಳುತ್ತಾರೆ, ಕೆಲವರು ತಮ್ಮನ್ನೇ ನೋಯಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ಈ ನೋವಿಗೆ ಸುಲಭವಾಗಿ ಸಿಗುವ ಬಂದೂಕು ಜೊತೆಯಾಗುತ್ತದೆ. 2020ರಿಂದ ಆ ದೇಶದಲ್ಲಿ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಬಂದೂಕೇ ಮೊದಲ ಕಾರಣ. ಕಾದಂಬರಿಯಲ್ಲಿ ಹೌಟನ್‌ರ ಮನೆಯ ಬಂದೂಕುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಪೀಟರ್‌ಗೆ ಅವಮಾನ ಕೊಟ್ಟದ್ದು ಶಾಲೆ, ಬಂದೂಕಿನ ಪರಿಚಯ ಮಾಡಿಸಿದ್ದು ಮನೆ.

ಇದರ ಪೂರ್ವಜರು, ಇದರ ಕೊರತೆಗಳು

ಈ ಜಾಡಿನಲ್ಲಿ ಪಿಕೋ ಮೊದಲಿಗರಲ್ಲ. ಸ್ಟೀಫನ್ ಕಿಂಗ್ ಅವರ ಮೊದಲ ಪ್ರಕಟಿತ ಕಾದಂಬರಿ ‘ಕ್ಯಾರಿ’ (1974) ಶಾಲೆಯಲ್ಲಿ ಅವಮಾನಗೊಂಡ ಹುಡುಗಿಯದ್ದು. ಅವರೇ ರಿಚರ್ಡ್ ಬಾಕ್‌ಮನ್ ಹೆಸರಿನಲ್ಲಿ ಬರೆದ ‘ರೇಜ್’ (1977) ತರಗತಿಯನ್ನು ಬಂದೂಕಿನ ಮೊನೆಯಲ್ಲಿ ಒತ್ತೆಯಿಟ್ಟ ಹುಡುಗನ ಕಥೆ. 1997ರಲ್ಲಿ ಕೆಂಟುಕಿಯ ಶಾಲೆಯೊಂದರಲ್ಲಿ ಗುಂಡು ಹಾರಿಸಿದ ವಿದ್ಯಾರ್ಥಿಯ ಬಳಿ ಆ ಪುಸ್ತಕವಿತ್ತೆಂದು ತಿಳಿದ ಮೇಲೆ ಕಿಂಗ್ ತಾವೇ ಅದರ ಮುದ್ರಣ ನಿಲ್ಲಿಸಿದರು. 2003ರಲ್ಲಿ ಬಂದು ಆರೆಂಜ್ ಪ್ರಶಸ್ತಿ ಪಡೆದ ಲಯನೆಲ್ ಶ್ರೈವರ್ ಅವರ ‘ವಿ ನೀಡ್ ಟು ಟಾಕ್ ಅಬೌಟ್ ಕೆವಿನ್’ ಕೊಲೆಗಾರನ ತಾಯಿ ಬರೆದ ಪತ್ರಗಳ ರೂಪದಲ್ಲಿದೆ. ಶ್ರೈವರ್ ಕಾರಣವನ್ನೇ ಕೊಡಲು ಒಪ್ಪುವುದಿಲ್ಲ. ಪಿಕೋ ಕಾರಣಗಳನ್ನು ಒಂದೊಂದಾಗಿ ಜೋಡಿಸಿ ಕೊಡುತ್ತಾರೆ.

ಆ ಜೋಡಣೆಯಲ್ಲೇ ಕಾದಂಬರಿಯ ಕೊರತೆಯೂ ಇದೆ. ಎಲ್ಲ ಎಳೆಗಳೂ ಬಲು ಅಚ್ಚುಕಟ್ಟಾಗಿ ಗಂಟು ಬೀಳುತ್ತವೆ. ಕಾಟ ಕೊಡುವ ಹುಡುಗರಲ್ಲಿ ಹೆಚ್ಚಿನವರು ಅಮೆರಿಕದ ಸಿನಿಮಾಗಳ ಕ್ರೀಡಾಪಟುಗಳಂತೆಯೇ ಇದ್ದಾರೆ. ಅವರ ಮನೆಯೊಳಗೆ ಏನಿತ್ತೆಂದು ತಿಳಿಯುವುದಿಲ್ಲ. ಸತ್ತ ಹತ್ತು ಮಂದಿಯಲ್ಲಿ ಕೆಲವರು ಹೆಸರುಗಳಾಗಿಯಷ್ಟೇ ಉಳಿಯುತ್ತಾರೆ. ಕಾರಣಗಳ ಸರಪಳಿ ಇಷ್ಟು ಬಿಗಿಯಾಗಿದ್ದಾಗ, ಪೀಟರ್ ಬೇರೆ ದಾರಿ ಹಿಡಿಯಬಹುದಿತ್ತು ಎಂಬ ಮಾತೇ ಮರೆತುಹೋಗುವ ಅಪಾಯವಿದೆ. ಈ ಕೊರತೆಗಳನ್ನು ಒಪ್ಪಿಕೊಂಡ ಮೇಲೂ, ಹದಿಹರೆಯದ ಮಕ್ಕಳಿರುವ ಮನೆಯವರೂ ಶಿಕ್ಷಕರೂ ಓದಲೇಬೇಕಾದ ಪುಸ್ತಕ ಇದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಪಾಟಿನಿಂದ ಕೆಳಗಿಳಿದ ಪುಸ್ತಕ

ಅಮೆರಿಕದ ಅನೇಕ ಶಾಲೆಗಳಲ್ಲಿ ಮಾತ್ರ ಇಂದು ಮಕ್ಕಳು ಇದನ್ನು ಓದುವಂತಿಲ್ಲ. ಲೇಖಕರ ಸಂಘಟನೆ ಪೆನ್ ಅಮೆರಿಕ ಲೆಕ್ಕ ಹಾಕಿದಂತೆ 2023-24ರ ಶಾಲಾ ವರ್ಷದಲ್ಲಿ ಆ ದೇಶದ ಸಾರ್ವಜನಿಕ ಶಾಲೆಗಳು ಪುಸ್ತಕಗಳನ್ನು ತೆಗೆದುಹಾಕಿದ ಪ್ರಕರಣಗಳು 10,000 ದಾಟಿದವು. ಅತಿ ಹೆಚ್ಚು ಸಲ, 98 ಸಲ, ನಿಷೇಧಕ್ಕೊಳಗಾದದ್ದು ‘ನೈನ್‌ಟೀನ್ ಮಿನಿಟ್ಸ್’. ಅದಕ್ಕೂ ಮೊದಲು 2023ರಲ್ಲಿ ಫ್ಲಾರಿಡಾದ ಮಾರ್ಟಿನ್ ಕೌಂಟಿ ಪಿಕೋ ಅವರ ಇಪ್ಪತ್ತರಷ್ಟು ಪುಸ್ತಕಗಳನ್ನು ಶಾಲಾ ಗ್ರಂಥಾಲಯಗಳಿಂದ ಹೊರಗಿಟ್ಟಿತ್ತು. ಆಕ್ಷೇಪ ಇರುವುದು ಹುಡುಗಿಯೊಬ್ಬಳ ಮೇಲೆ ಅವಳ ಗೆಳೆಯನೇ ನಡೆಸುವ ಬಲಾತ್ಕಾರವನ್ನು ಹೇಳುವ ಒಂದು ಪುಟಕ್ಕೆ ಎನ್ನುತ್ತಾರೆ ಪಿಕೋ.

ಆ ಪುಟ ಓದಲು ಹಿತವಾಗಿಲ್ಲ. ಹಿತವಾಗಿರಲೂಬಾರದು. ಅಂಥದ್ದನ್ನು ಅನುಭವಿಸಿದ ಹುಡುಗಿಗೆ ತನಗಾದದ್ದು ಪ್ರೀತಿಯಲ್ಲ, ಹಿಂಸೆ ಎಂದು ಗೊತ್ತಾಗುವುದು ಇಂಥ ಪುಟದಿಂದಲೇ. ಶಾಲೆಯ ಮೌನದಿಂದ ಹುಟ್ಟಿದ ದುರಂತವನ್ನು ಹೇಳುವ ಪುಸ್ತಕವನ್ನು ಶಾಲೆಗಳೇ ಮೌನಗೊಳಿಸುವುದು ಅದೇ ತಪ್ಪನ್ನು ಇನ್ನೊಮ್ಮೆ ಮಾಡಿದಂತೆ. ಮಕ್ಕಳ ವಯಸ್ಸು ನೋಡಿ, ದೊಡ್ಡವರ ಜೊತೆಯಲ್ಲಿ ಓದಿಸುವುದು ಸರಿ. ಬಾಗಿಲು ಹಾಕುವುದು ಸರಿಯಲ್ಲ.

ನಮ್ಮ ಮಾತು

ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್, ಅಂದರೆ ದಾಳಿಯಾದರೆ ಅಡಗಿ ಕೂರುವ ಅಭ್ಯಾಸ, ಮಾಡುತ್ತಾರೆ. ದೀಪ ಆರಿಸಿ, ಬಾಗಿಲು ಭದ್ರಪಡಿಸಿ, ಮೂಲೆಯಲ್ಲಿ ಸದ್ದಿಲ್ಲದೆ ಕೂರುವುದನ್ನು ಪುಟ್ಟ ಮಕ್ಕಳೂ ಕಲಿಯುತ್ತಾರೆ. ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ಅಜ್ಜ ಅಜ್ಜಿಗೆ ಈ ಕಾದಂಬರಿ ದೂರದ ಕಥೆಯಾಗಿ ಉಳಿದಿಲ್ಲ. ಇಲ್ಲಿನ ಶಾಲೆಗಳಲ್ಲಿ ಬಂದೂಕಿನ ಭಯ ಇಲ್ಲದಿರಬಹುದು. ಮಗುವಿನ ಬಣ್ಣ, ಭಾಷೆ, ಜಾತಿ, ದೇಹ, ಬಡತನ ಹಿಡಿದು ಆಡಿಕೊಳ್ಳುವ ನಾಲಿಗೆಗಳು, ಅದನ್ನು ಕೇಳಿಸಿಕೊಂಡು ನಗುವ ಬೆಂಚುಗಳು ಇಲ್ಲಿಯೂ ಇವೆ. ಮಕ್ಕಳಾಟ ಎಂದು ತಳ್ಳಿಹಾಕುವ ದೊಡ್ಡವರೂ ಇದ್ದಾರೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮಗು ಶಾಲೆಯಿಂದ ಬಂದಾಗ ಯಾರಾದರೂ ಹೊಡೆದರಾ ಎಂದು ಕೇಳಿ ಸುಮ್ಮನಾಗಬೇಡಿ. ಊಟದ ಬಿಡುವಿನಲ್ಲಿ ಒಬ್ಬರೇ ಕೂರುವವರು ಯಾರು, ಎಲ್ಲರೂ ಸೇರಿ ನಗುವುದು ಯಾರನ್ನು ನೋಡಿ, ಆಗ ನೀನು ಎಲ್ಲಿದ್ದೆ ಎಂದು ಕೇಳಿ. ಬೈಯಲು ಕೇಳಬೇಡಿ, ತಿಳಿಯಲು ಕೇಳಿ. ಮಗು ಹೇಳಿದ್ದನ್ನು ನಂಬಿ, ಶಾಲೆಗೆ ಹೋಗಿ, ತಾರೀಖು ಹಾಕಿ ಬರಹದಲ್ಲಿ ದೂರು ಕೊಡಿ. ಶಾಲೆ ಕಿವಿಗೊಡದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಮನಸ್ಸು ಕುಗ್ಗಿದ ಮಗುವಿಗೂ ದೊಡ್ಡವರಿಗೂ ಟೆಲಿ ಮಾನಸ್ 14416 ಇದೆ. ಒಬ್ಬರೇ ಕೂರುವ ಆ ಸಹಪಾಠಿಯ ಪಕ್ಕ ನಾಳೆ ಹೋಗಿ ಕೂರಲು ನಿಮ್ಮ ಮಗುವಿಗೆ ಹೇಳಿ. ಜೋಸಿ ದೂರ ಸರಿದ ಮೇಲೆ ಪೀಟರ್‌ಗಾಗಿ ಹೆಚ್ಚಿನವರು ಮಾಡದ ಕೆಲಸ ಅದು, ಮತ್ತು ಅದಕ್ಕೆ ಬೇಕಾಗುವುದು ಒಂದು ಊಟದ ಬಿಡುವಷ್ಟೇ.